ತೆಕ್ಲಾ ರೀಗಾ ನೋಡಿದ್ದು

ಹಾಡುಹಬ್ಬಕ್ಕೆಂದು ತೆಕ್ಲಾ ರೀಗಾಕ್ಕೆ ಬಂದದ್ದು ಇದು ಐದನೆಯ ಸಲ. ಹಬ್ಬ ಐದು ವರ್ಷಕ್ಕೊಮ್ಮೆ ಬರುತ್ತದೆ. ಮೊದಲ ಸಲ ಬಂದಾಗ ಅವಳ ಮಗನಿಗೆ ಹಾಲುಹಲ್ಲು ಬೀಳುತ್ತಿತ್ತು. ಈಗ ಅವನ ಮುಂದಲೆಯ ಕೂದಲೇ ಹಿಂದಕ್ಕೆ ಸರಿಯುತ್ತಿದೆ. ಇಷ್ಟು ಸಲ ಬಂದರೂ ರಾಜಧಾನಿಯಲ್ಲಿ ಅವಳು ಕಂಡದ್ದೆಂದರೆ ಬಸ್ಸಿನ ಕಿಟಕಿ, ಇಳಿದುಕೊಳ್ಳಲು ಕೊಟ್ಟ ಶಾಲೆಯ ಒಂದು ತರಗತಿ, ಆ ತರಗತಿಯ ಕರೆಂಟಿನ ಪ್ಲಗ್ಗು, ಟ್ರಾಮು, ಪೈನ್ ಮರಗಳ ನಡುವಿನ ಆ ದೊಡ್ಡ ವೇದಿಕೆ. ಮತ್ತೆ ಟ್ರಾಮು, ಮತ್ತೆ ಅದೇ ಪ್ಲಗ್ಗು. ಇಸ್ತ್ರಿಪೆಟ್ಟಿಗೆಯ ವೈರು ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿಯವರೆಗೆ ಅವಳ ರೀಗಾ.

ಅವಳ ಊರು ಗಡಿಯ ಹತ್ತಿರದ ಲುದ್ಜಾ ಪೇಟೆಯಿಂದಲೂ ಆಚೆ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ. ಗಂಡ ದೊನಾತ್ಸ್ ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದವನು, ಬೆನ್ನುನೋವು ಹಿಡಿದ ಮೇಲೆ ಸಾಮಿಲ್ಲಿನಲ್ಲಿ ಕಾವಲಿಗೆ ಸೇರಿಕೊಂಡಿದ್ದಾನೆ. ಇಬ್ಬರೂ ಊರಿನ ಹಾಡುಗುಂಪಿನಲ್ಲಿದ್ದಾರೆ, ಅವನು ಗಂಡಸರ ಕೆಳದನಿಯ ಸಾಲಿನಲ್ಲಿ, ಅವಳು ಹೆಂಗಸರ ಕೆಳದನಿಯ ಸಾಲಿನಲ್ಲಿ. ಗುಂಪು ನಡೆಸುವವರು ಊರಿನ ಶಾಲೆಯ ಸಂಗೀತದ ಮೇಷ್ಟ್ರು ವಿಟೋಲ್ಡ್ಸ್. ತೆಕ್ಲಾ ಸೇರಿದ ಮೊದಲ ವರ್ಷ ಯಾರದೋ ಲಂಗದ ಅಂಚು ಬಿಚ್ಚಿಕೊಂಡಿತು. ಅವಳ ಚೀಲದಲ್ಲಿ ಸೂಜಿ ಇತ್ತು. ಆದದ್ದು ಅಷ್ಟೇ. ಅಲ್ಲಿಂದಾಚೆಗೆ ಗುಂಪಿನ ಹೆಂಗಸರ ಲಂಗ, ಲಿನನ್ ಅಂಗಿ, ಬಿಳಿ ಉಣ್ಣೆ ಶಾಲು, ಶಾಲಿಗೆ ಚುಚ್ಚುವ ಬೆಳ್ಳಿ ಪದಕ, ಗಂಡಸರ ನಡುಪಟ್ಟಿ, ಇವೆಲ್ಲ ಇರುವ ಬೀರುವಿನ ಬೀಗದ ಕೈ ಅವಳ ಹತ್ತಿರ ಬಂದು ಉಳಿಯಿತು. ಯಾರೂ ಅವಳನ್ನು ಕೇಳಲಿಲ್ಲ, ಯಾರೂ ನೇಮಿಸಲೂ ಇಲ್ಲ. 'ತೆಕ್ಲಾ ಇದ್ದಾಳಲ್ಲ' ಎನ್ನುವ ಮಾತಿನಿಂದಲೇ ಆ ಹುದ್ದೆ ಹುಟ್ಟಿಕೊಂಡಿತು.

ಈ ಸಲ ಅವರಿಗೆ ಸಿಕ್ಕಿದ್ದು ಮೂರನೆಯ ಮಹಡಿಯ ತರಗತಿ. ಪುಟ್ಟ ಮಕ್ಕಳ ಮೇಜುಗಳನ್ನು ಗೋಡೆಗೆ ಒತ್ತರಿಸಿ ಹೆಂಗಸರು ನೆಲದ ಮೇಲೆ ಗಾಳಿ ಹಾಸಿಗೆ ಹರಡಿದರು. ಹೋಟೆಲಿನಲ್ಲಿ ಉಳಿಯುವ ಯೋಚನೆ ಅವರಲ್ಲಿ ಯಾರ ಕನಸಿಗೂ ಬರುವುದಿಲ್ಲ. ಬೇಯಿಸಿದ ಮೊಟ್ಟೆ, ಹೊಗೆ ಹಾಕಿದ ಹಂದಿಮಾಂಸ, ಶಾಜೀರಿಗೆಯ ಚೀಸು, ಕಪ್ಪು ರೈ ಬ್ರೆಡ್ಡು, ಸಬ್ಬಸಿಗೆ ಹಾಕಿ ಉಪ್ಪುನೀರಿನಲ್ಲಿಟ್ಟ ಸೌತೆಕಾಯಿ, ಎಲ್ಲವೂ ಊರಿಂದಲೇ ಬಂದಿದ್ದವು. ತೆಕ್ಲಾ ತನ್ನ ಹಾಸಿಗೆಯನ್ನು ಪ್ಲಗ್ಗಿನ ಪಕ್ಕಕ್ಕೆ ಎಳೆದುಕೊಂಡು ಕಾಲಲ್ಲಿ ಪಂಪು ಒತ್ತುತ್ತಿದ್ದಳು.

"ಬಂದ್ಯಲ್ಲ ನಿನ್ನ ಜಾಗಕ್ಕೆ," ಎಂದಳು ಪಕ್ಕದ ಹಾಸಿಗೆಯ ಬ್ರೊನ್ಯಾ. ಗಂಡ ಸತ್ತು ಹತ್ತು ವರ್ಷವಾದ, ಅಂದಿನಿಂದ ಮೈ ಕೈ ತುಂಬಿಕೊಂಡ ಹೆಂಗಸು. "ಆ ಪ್ಲಗ್ಗಿಗೂ ನಿಂಗೂ ಒಂದು ಮದುವೆ ಮಾಡ್ಸಿಬಿಡ್ತೀನಿ ನೋಡು."

"ಒಂದು ಆಗಿರೋದೇ ಸಾಕಾಗಿದೆ ಮಾರಾಯ್ತಿ. ಈ ಸಲ ಗುರುವಾರ ಖಾಲಿ ಇದೆ. ತಾಲೀಮಿಲ್ಲ, ಏನಿಲ್ಲ. ನಾನು ಹಳೇ ಪೇಟೆಗೆ ಹೋಗಿ ಪೇತ್ರನ ಚರ್ಚಿನ ಗೋಪುರ ಹತ್ತೋಳೇ."

"ಈ ಮೊಣಕಾಲಲ್ಲಾ?"

"ಇದೇ ಮೊಣಕಾಲಲ್ಲಿ. ಇನ್ನೈದು ವರ್ಷಕ್ಕೆ ಇದೂ ಇರಲ್ಲ."

ಅದು ಸುಳ್ಳಲ್ಲ. ಮುಂದಿನ ಹಬ್ಬಕ್ಕೆ ಗಂಟೆಗಟ್ಟಲೆ ನಿಂತು ಹಾಡುವುದು ಅವಳಿಂದಾಗದು. ನಿಲ್ಲಲಾಗದವರನ್ನು ಮೇಷ್ಟ್ರು ಕರೆತರುವುದಿಲ್ಲ. ಕರೆತರದವರು ಬೇರೆ ಯಾವ ನೆಪದಲ್ಲೂ ಅಷ್ಟು ದೂರದಿಂದ ರೀಗಾಕ್ಕೆ ಬರುವುದಿಲ್ಲ. ನೋಡಿದರೆ ಈ ಸಲ, ಇಲ್ಲದಿದ್ದರೆ ಇಲ್ಲ.

ಗೋಪುರದ ಆಸೆ ಹುಟ್ಟಿಸಿದ್ದು ದೊನಾತ್ಸನೇ. ಗಂಡಸರ ಬಟ್ಟೆಗೆ ಅಷ್ಟು ಆರೈಕೆ ಬೇಡ. ಒಂದು ಕೋಟು, ಒಂದು ನಡುಪಟ್ಟಿ, ಒಂದು ಟೋಪಿ. ತಾಲೀಮು ಮುಗಿದದ್ದೇ ಅವರ ದಂಡು ಹಳೇ ಪೇಟೆಗೆ ಹೊರಟುಬಿಡುತ್ತಿತ್ತು. ಸಂಜೆ ಬಂದವನು ಅವಳು ಇಸ್ತ್ರಿ ಮಾಡುತ್ತಿರುವ ಮೇಜಿನ ತುದಿಗೆ ಕುಂಡೆಯೂರಿ ಕಥೆ ಹೇಳುತ್ತಿದ್ದ. ಹೆಂಚಿನ ಮಾಡುಗಳು, ಕಲ್ಲು ಹಾಸಿದ ಓಣಿಗಳು, ದೌಗವಾ ನದಿಯ ಮೇಲಿನ ಸೇತುವೆಗಳು. ಗೋಪುರಕ್ಕೆ ಬಂದಾಗ ಕಥೆ ನಿಧಾನವಾಗುತ್ತಿತ್ತು.

ಸೋಮವಾರ ರಾತ್ರಿಯೂಟಕ್ಕೆ ಕಾರಿಡಾರಿನಲ್ಲಿ ಕೂತಾಗ ಅವಳು ತನ್ನ ಗುರುವಾರದ ವಿಷಯ ಎತ್ತಿದಳು. ದೊನಾತ್ಸ್ ಬಾಯಲ್ಲಿದ್ದ ಮೊಟ್ಟೆ ನುಂಗಿ ತಲೆಯಾಡಿಸಿದ.

"ಆಗೋ ಮಾತಾಡು ತೆಕ್ಲಾ. ಸುತ್ತು ಮೆಟ್ಟಿಲು ಅವು. ಹತ್ತಿದಷ್ಟೂ ಮುಗಿಯಲ್ಲ. ನಂಗೇ ಇಳಿಯೋ ಹೊತ್ತಿಗೆ ತೊಡೆ ನಡುಗ್ತಿತ್ತು. ಅರ್ಧದಲ್ಲಿ ನಿನ್ನ ಮೊಣಕಾಲು ಹಿಡ್ಕೊಂಡ್ರೆ ಹೊತ್ಕೊಂಡು ಇಳಿಸೋರು ಯಾರು?"

"ನೀನು ಹೊತ್ಕೊಳ್ಳಲ್ವಾ?"

"ನನ್ನ ಬೆನ್ನು?"

"ಹಂಗಾದ್ರೆ ಅರ್ಧದಲ್ಲೇ ಕೂತಿರ್ತೀನಿ ಬಿಡು. ಅರ್ಧದಿಂದ್ಲೂ ಏನಾದ್ರೂ ಕಾಣುತ್ತಲ್ಲ."

"ಕಿಟಕಿ ಇಲ್ಲ," ಎಂದ ದೊನಾತ್ಸ್, ಅಲ್ಲೇ ಮನೆ ಮಾಡಿಕೊಂಡಿದ್ದವನ ಹಾಗೆ.

ಬುಧವಾರದ ಸಂಗೀತ ಕಚೇರಿಗೆ ಎಲ್ಲರೂ ಪೂರ್ತಿ ಹಬ್ಬದ ಉಡುಪಿನಲ್ಲಿ ಹೋದರು. ಹಿಂತಿರುಗುವಾಗ ಅರ್ಧ ದಾರಿಯಲ್ಲಿ ಮಳೆ ಹುಯ್ಯಿತು, ಬೇಸಿಗೆಯ ಮಳೆ, ಬಂದಷ್ಟೇ ಬೇಗ ನಿಂತೂಹೋಯಿತು. ಆದರೆ ಉಣ್ಣೆ ಲಂಗ ಒಮ್ಮೆ ನೀರು ಕುಡಿದರೆ ಬಿಡುವುದಿಲ್ಲ. ತೊಟ್ಟಿಕ್ಕುತ್ತಾ ವಾಪಸು ಬಂದ ಹೆಂಗಸರು ಒಬ್ಬೊಬ್ಬರಾಗಿ ಲಂಗ ಬಿಚ್ಚಿ, ತೆಕ್ಲಾಳ ಹಾಸಿಗೆಯ ಪಕ್ಕದ ಕುರ್ಚಿಗಳ ಮೇಲೆ ಹರಡಿ, ಸ್ನಾನಕ್ಕೆ ಸರದಿ ನಿಂತರು. ಯಾರೂ 'ಇಸ್ತ್ರಿ ಮಾಡಿಕೊಡು' ಎನ್ನಲಿಲ್ಲ. ಹರಡಿ ಹೋದರು, ಅಷ್ಟೇ.

ಗುರುವಾರ ಬೆಳಗ್ಗೆ ಬಿಸಿಲು ಬಂತು. ಗಂಡಸರು ಕೂದಲು ಬಾಚಿಕೊಂಡು ಹೊರಟರು. ಹುಡುಗಿಯರು ಸಮುದ್ರ ತೀರಕ್ಕೆ ರೈಲು ಹತ್ತಿದರು. ತೆಕ್ಲಾ ಒಂದು ಲಂಗ ಮುಗಿಸಿಕೊಂಡು ಹೋಗೋಣ ಎಂದುಕೊಂಡಳು. ಮಡಿಕೆ ಮಡಿಕೆಯಾಗಿ ಒದ್ದೆ ಬಟ್ಟೆ ಹಾಸಿ ಒತ್ತಬೇಕು. ಅವಸರ ಮಾಡಿದರೆ ಉಣ್ಣೆ ಹೊಳೆದು ಸುಟ್ಟಂತೆ ಕಾಣುತ್ತದೆ. ಒಂದು ಮುಗಿದಾಗ ಇನ್ನೊಂದು ಮುಗಿಸಿಯೇ ಹೋಗೋಣ ಎನಿಸಿತು. ಬ್ರೊನ್ಯಾ ಬಾಗಿಲಲ್ಲಿ ನಿಂತು ಎರಡು ಸಲ ಕರೆದಳು.

"ಬಿಟ್ಟು ಬಾರೇ. ಸುಕ್ಕು ಬಿದ್ದ ಲಂಗದಲ್ಲಿ ಹಾಡಿದ್ರೆ ಶ್ರುತಿ ತಪ್ಪುತ್ತಾ?"

"ನೀನು ಹೋಗಿರು, ಹಿಂದೇನೇ ಬಂದೆ."

"ನಿನ್ನ 'ಹಿಂದೇನೇ ಬಂದೆ' ಕೇಳಿ ಕೇಳಿ ನಂಗೆ ವಯಸ್ಸಾಯ್ತು," ಎಂದು ಬ್ರೊನ್ಯಾ ಹೋದಳು. ಅವಳ ಲಂಗವೂ ಕುರ್ಚಿಯ ಮೇಲಿತ್ತು.

ಕೊನೆಯ ಲಂಗಕ್ಕೆ ಬರುವಾಗ ಕಿಟಕಿಯ ಬಿಸಿಲು ಆ ಗೋಡೆಯಿಂದ ಈ ಗೋಡೆಗೆ ದಾಟಿತ್ತು. ಮೆಟ್ಟಿಲಲ್ಲಿ ಗಂಡಸರ ದನಿ ಕೇಳಿಸಿತು. ದೊನಾತ್ಸ್ ಬಿಯರಿನ ವಾಸನೆ, ಕೆಂಪಾದ ಮೂಗು ಹೊತ್ತು ಒಳಬಂದ. ಬಂದವನು ಮೇಜಿನ ತುದಿಗೆ ಕೂತ. "ಏನು ಜನ, ಏನು ಜನ! ನೀನು ಬರದೇ ಇದ್ದದ್ದೇ ಒಳ್ಳೇದಾಯ್ತು." ತೆಕ್ಲಾ ಪ್ಲಗ್ಗು ಕಿತ್ತಳು. ಅಳು ಬರುತ್ತದೇನೋ ಎಂದು ಒಂದು ಕ್ಷಣ ಕಾದು ನೋಡಿದಳು. ಬರಲಿಲ್ಲ, ಆಕಳಿಕೆ ಬಂತು.

ಶುಕ್ರವಾರ ಇಡೀ ದಿನ ವೇದಿಕೆಯ ಮೇಲೆ ತಾಲೀಮು. ಸಾವಿರಾರು ಜನ ಹೆಗಲಿಗೆ ಹೆಗಲು ತಾಗಿಸಿ ಬಿಸಿಲಲ್ಲಿ ನಿಂತು, ದೂರದಲ್ಲಿ ಕಡ್ಡಿಯಷ್ಟು ಕಾಣುವ ನಿರ್ದೇಶಕರ ಕೈ ನೋಡುತ್ತಾ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿದರು. ತೆಕ್ಲಾಗೆ ಹಾಡುವುದು ಇಷ್ಟ. ಈ ಜಂಜಾಟಕ್ಕೆಲ್ಲ ಅವಳು ಬರುವುದು ಆ ಒಂದು ಕ್ಷಣಕ್ಕೆ, ತನ್ನ ದನಿ ತನಗೇ ಕೇಳಿಸದೆ ಸುತ್ತಲಿನ ದೊಡ್ಡ ದನಿಯಲ್ಲಿ ಸೇರಿಹೋಗುವ ಹೊತ್ತಿಗೆ. ಆದರೆ ಈ ಸಲ ಅವಳ ಗಮನವೆಲ್ಲ ಮೊಣಕಾಲಿನ ಮೇಲೇ ಇತ್ತು. ಭಾರವನ್ನು ಎಡಕ್ಕೆ ಹಾಕಿ, ಬಲಕ್ಕೆ ಹಾಕಿ, ಹಾಡು ಮುಗಿದದ್ದೂ ತಿಳಿಯಲಿಲ್ಲ.

ಶನಿವಾರ ಮೆರವಣಿಗೆ. ಊರೂರಿನ ಗುಂಪುಗಳು ತಮ್ಮ ತಮ್ಮ ಜಿಲ್ಲೆಯ ಫಲಕದ ಹಿಂದೆ ಅಡ್ಡರಸ್ತೆಗಳಲ್ಲಿ ಕಾಯುತ್ತಿದ್ದವು. ಕಾಯುವುದೆಂದರೆ ಗಂಟೆಗಟ್ಟಲೆ. ಪಕ್ಕದ ಗುಂಪಿನವರು ಆಗಲೇ ಅಕಾರ್ಡಿಯನ್ ತೆಗೆದು ಕುಣಿಯತೊಡಗಿದ್ದರು. ತಲೆಗೆ ತೊಡುವುದನ್ನೆಲ್ಲ ಮುದುಡದಿರಲೆಂದು ತೆಕ್ಲಾ ಪೆಟ್ಟಿಗೆಗಳಲ್ಲೇ ತಂದಿದ್ದಳು. ಹೊರಡುವ ಮುಂಚೆ ರಸ್ತೆಯಲ್ಲೇ ಅವನ್ನು ತೊಡಿಸುವುದು ರೂಢಿ. ಮದುವೆಯಾಗದ ಹುಡುಗಿಯರಿಗೆ ಕೆಂಪು ಬಟ್ಟೆಯ ಮೇಲೆ ಮಣಿ ಪೋಣಿಸಿದ ಕಿರೀಟ. ಮದುವೆಯಾದವರಿಗೆ ಉದ್ದನೆಯ ಬಿಳಿ ಲಿನನ್ ವಸ್ತ್ರ. ಅದನ್ನು ಹಣೆಯಿಂದ ಸುತ್ತಿ, ಗಲ್ಲದ ಕೆಳಗೆ ತಂದು, ಬೆನ್ನ ಮೇಲೆ ಇಳಿಬಿಡಬೇಕು. ಆ ಸುತ್ತು ಬರುವುದು ತೆಕ್ಲಾಗೆ. ಹಾಗಾಗಿ ಮದುವೆಯಾದವರೆಲ್ಲ ಅವಳ ಮುಂದೆ ಸಾಲು ನಿಂತರು, ಬ್ರೊನ್ಯಾ ಮೊದಲಾಗಿ.

"ಬಿಗಿಯಾಗಿ ಸುತ್ತು. ಎರಡನೇ ಗಲ್ಲ ಒಳಗೆ ಹೋಗ್ಲಿ."

"ನಿನ್ನ ಎರಡನೇ ಗಲ್ಲಕ್ಕೆ ಇನ್ನೊಂದು ವಸ್ತ್ರ ಬೇಕು ಕಣೇ."

ಎಲ್ಲರದೂ ಮುಗಿಯಿತು. ತನ್ನದನ್ನೂ ಸುತ್ತಿಕೊಂಡಳು. ಕೊನೆಗೆ ಬಂದವಳು ಲಾಸ್ಮಾ, ಮೇಲುದನಿಯ ಸಾಲಿನ ಚೆಲುವೆ. ತೆಕ್ಲಾ ಕೊನೆಯ ಪೆಟ್ಟಿಗೆ ತೆರೆದಳು. ಅದರಲ್ಲಿದ್ದದ್ದು ಕಿರೀಟ.

ಲಾಸ್ಮಾ ಅದನ್ನು ನೋಡಿದಳು. ತೆಕ್ಲಾ ಲಾಸ್ಮಾಳನ್ನು ನೋಡಿದಳು. ಹುಡುಗಿಗೆ ನಡುಬೇಸಿಗೆಯ ಯಾನಿ ಹಬ್ಬದ ವಾರ, ಹದಿನೈದು ದಿನದ ಕೆಳಗಷ್ಟೇ, ಮದುವೆಯಾಗಿತ್ತು.

ಮದುವೆಗೆ ತೆಕ್ಲಾ ಹೋಗಿರಲಿಲ್ಲವೆಂದಲ್ಲ. ಹುಡುಗಿಯ ತಲೆಯ ಕಿರೀಟ ತೆಗೆದು, ಮನೆಯೊಡತಿಯ ವಸ್ತ್ರ ಸುತ್ತಿ, ಸುತ್ತ ನಿಂತವರೆಲ್ಲ ಕಣ್ಣೊರೆಸಿಕೊಳ್ಳುವ ಆ ಹೊತ್ತಿನಲ್ಲಿ ತೆಕ್ಲಾ ಅಡುಗೆಮನೆಯಲ್ಲಿ ಮೊದಲ ಪಂಕ್ತಿಯ ತಟ್ಟೆ ತೊಳೆಯುತ್ತಿದ್ದಳು. ಯಾರೋ ತೊಳೆಯಬೇಕಿತ್ತು. ಕಿರೀಟ ಇಳಿದದ್ದನ್ನು ಅವಳ ಕಣ್ಣು ಕಾಣಲೇ ಇಲ್ಲ. ಹಬ್ಬಕ್ಕೆ ಪೆಟ್ಟಿಗೆ ಕಟ್ಟುವಾಗ ಅವಳ ಕೈ ತಾನಾಗಿಯೇ ಹೋಗಿ ಲಾಸ್ಮಾಳ ಕಿರೀಟವನ್ನು ಎತ್ತಿಕೊಂಡಿತ್ತು.

"ತೆಕ್ಲಾ ಆಂಟಿ," ಎಂದಳು ಲಾಸ್ಮಾ. "ಮೆರವಣಿಗೆ ದಾರೀಲಿ, ಸ್ಮಾರಕದ ಹತ್ರ ನಮ್ಮತ್ತೆ ನಿಂತಿರ್ತಾರೆ. ಹೂ ತಂದಿರ್ತಾರೆ. ನಾನು ಇದನ್ನ ಹಾಕ್ಕೊಂಡು ಬಂದ್ರೆ..."

"ನಿಮ್ಮಮ್ಮ ನಾಳೆ ಬರ್ತಾರಲ್ಲ, ವಸ್ತ್ರ ತರೋಕೆ ಹೇಳು," ಎಂದಳು ಯಾರೋ ಒಬ್ಬಳು.

"ನಾಳೆ ಬರೋದು ನಾಳೆಗಾಯ್ತು. ಈಗ?" ಎಂದಳು ಲಾಸ್ಮಾ.

ವಿಟೋಲ್ಡ್ಸ್ ಮೇಷ್ಟ್ರು ಸಾಲು ಸೀಳಿಕೊಂಡು ಬಂದರು. ಅವರಿಗೆ ಸ್ವರ ತಪ್ಪಿದರೆ ಬರುವಷ್ಟೇ ಸಿಟ್ಟು ಉಡುಪು ತಪ್ಪಿದರೂ ಬರುತ್ತದೆ. "ಏನಿದು? ಗೃಹಿಣಿ ತಲೆ ಮೇಲೆ ಕನ್ಯೆ ಕಿರೀಟ! ನಮ್ಮ ಲತ್ಗಾಲೆ ಸೀಮೆಯ ಜನ ಎಲ್ಲ ರಸ್ತೇಲಿ ನಿಂತಿರ್ತಾರೆ. ನಮಗೆ ಇಷ್ಟೂ ತಿಳಿಯಲ್ವಾ ಅಂತಾರೆ. ತೆಕ್ಲಾ, ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ."

"ಬರಿತಲೇಲಿ ನಡೀಲಿ ಬಿಡಿ ಮೇಷ್ಟ್ರೇ," ಎಂದ ಗಂಡಸರ ಸಾಲಿನವನೊಬ್ಬ.

"ಮದುವೆಯಾದೋಳು ಬರಿತಲೇಲಾ? ಅದಕ್ಕಿಂತ ಕಿರೀಟಾನೇ ವಾಸಿ!" ಎಂದರು ಮೇಷ್ಟ್ರು.

"ಎದುರುಗಡೆ ಹೋಟೆಲಿಂದ ಮೇಜಿನ ಬಟ್ಟೆ ಎತ್ಕೊಂಡು ಬರ್ಲಾ?" ಎಂದಳು ಬ್ರೊನ್ಯಾ. "ಸೂಪಿನ ಕಲೆ ಹಿಂದುಗಡೆ ಬರೋ ಹಾಗೆ ಸುತ್ತಿದ್ರಾಯ್ತು."

ಕೆಲವರು ನಕ್ಕರು. ಲಾಸ್ಮಾ ನಗಲಿಲ್ಲ. ಉಳಿದವರು ತೆಕ್ಲಾಳನ್ನೇ ನೋಡುತ್ತಿದ್ದರು. ಸಿಟ್ಟಿನಿಂದಲ್ಲ, ನಂಬಿಕೆಯಿಂದ. ಏನೋ ಒಂದು ಮಾಡ್ತಾಳೆ, ಯಾವಾಗಲೂ ಮಾಡಿದ್ದಾಳಲ್ಲ. ಆ ನೋಟಕ್ಕೆ ತೆಕ್ಲಾಳ ಕೈ ಅಭ್ಯಾಸಬಲದಿಂದ ಮೇಲೆದ್ದಿತು. ತನ್ನ ತಲೆಯ ಪಿನ್ನು ಕಿತ್ತಿತು, ಸುತ್ತು ಬಿಚ್ಚಿತು, ಬಿಚ್ಚಿದ ವಸ್ತ್ರವನ್ನು ಕೊಡವಿ ಹುಡುಗಿಯ ಹಣೆಗೆ ಹಚ್ಚಿತು. ಲಾಸ್ಮಾಳ ಬಿಸಿ ಉಸಿರು ಮುಂಗೈಗೆ ತಾಗುತ್ತಿತ್ತು. ಕೊನೆಯ ಪಿನ್ನು ಚುಚ್ಚಿದಾಗ ಹುಡುಗಿ ಅವಳ ಕೆನ್ನೆಗೆ ಮುತ್ತಿಟ್ಟು ತನ್ನ ಸಾಲಿಗೆ ಓಡಿದಳು.

"ಸದ್ಯ," ಎಂದರು ಮೇಷ್ಟ್ರು. ಬಿಚ್ಚಿದ ತಲೆಯ ತೆಕ್ಲಾಳನ್ನು ಈಗ ನೋಡಿದರು. "ಹಾಗಾದ್ರೆ ನೀವು... ಹೂಂ. ನೀವು ಶಾಲೆಗೆ ಹೋಗಿಬಿಡಿ. ಹೇಗೂ ನಾಳೆ ಸಮಾರೋಪಕ್ಕೆ ಅಂಗಿಗಳೆಲ್ಲ ಒಂದು ಸಲ ಇಸ್ತ್ರಿ ಆಗ್ಬೇಕಿತ್ತಲ್ಲ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು."

ತಪ್ಪು ತನ್ನದು, ಸರಿಪಡಿಸಿದ್ದೂ ಆಯಿತು ಎಂದು ಅಲ್ಲಿಯವರೆಗೂ ತೆಕ್ಲಾಗೆ ಸಮಾಧಾನವಿತ್ತು. 'ಒಳ್ಳೇದೇ ಆಯ್ತು' ಎನ್ನುವ ಮಾತು ಮಾತ್ರ ಎಲ್ಲೋ ಸಿಕ್ಕಿಹಾಕಿಕೊಂಡಿತು. ಐದು ವರ್ಷ ಕಲಿತ ಹಾಡುಗಳು, ಮೈಮೇಲಿನ ಉಡುಪು, ದಾರಿಯಲ್ಲಿ ಹೂ ಎಸೆಯುವ ಜನ, ಅವಳ ಕೊನೆಯ ಮೆರವಣಿಗೆ. ಅದು ಹೋದದ್ದಕ್ಕೆ ಯಾರಾದರೂ ಒಬ್ಬರು 'ಅಯ್ಯೋ' ಎನ್ನುತ್ತಾರೇನೋ ಎಂದು ಸುತ್ತ ನೋಡಿದಳು. ಬ್ರೊನ್ಯಾ ಒಬ್ಬಳ ಮುಖ ಸಪ್ಪಗಿತ್ತು. ದೊನಾತ್ಸ್ ಟೋಪಿ ಸರಿಮಾಡಿಕೊಳ್ಳುತ್ತಾ, "ಹೋಗ್ತಾ ನನ್ನ ಬೂಟಿಗೂ ಒಂದು ಕೈ ಪಾಲಿಶ್ ಹಾಕಿಡು," ಎಂದ.

ತೆಕ್ಲಾ ಹೆಗಲ ಮೇಲಿನ ಶಾಲು ತೆಗೆದು ಮಡಿಸಿದಳು. ಸೂಜಿ, ದಾರ, ಪಿನ್ನು, ನೀರಿನ ಬಾಟಲಿ, ಎಲ್ಲರ ಮಳೆಕೋಟು ತುಂಬಿದ್ದ ದೊಡ್ಡ ಚೀಲವನ್ನು ಎತ್ತಿ ದೊನಾತ್ಸನ ಎದೆಗೆ ಒರಗಿಸಿದಳು.

"ಇದೇನು?"

"ಯಾರಿಗಾದ್ರೂ ಏನಾದ್ರೂ ಬಿಚ್ಕೊಂಡ್ರೆ ಕೊಡು."

"ನಾನು ಚೀಲ ಹಿಡ್ಕೊಂಡು ಹಾಡ್ಲಾ?"

"ಹಾಡೋದು ಬಾಯಲ್ಲಿ ತಾನೇ? ಕೈ ಖಾಲಿ ಇದೆಯಲ್ಲ."

ಬ್ರೊನ್ಯಾ ಕಿಸಕ್ಕನೆ ನಕ್ಕಳು. ಮೇಷ್ಟ್ರು, "ಹಾಗಾದ್ರೆ ಶಾಲೆಗೆ..." ಎಂದು ಶುರು ಮಾಡಿದರು.

"ಶಾಲೆಗೆ ಹೋಗಲ್ಲ ಮೇಷ್ಟ್ರೇ," ಎಂದಳು ತೆಕ್ಲಾ. ಜಗಳದ ದನಿಯೇನಲ್ಲ, ಅಂಗಡಿಯಲ್ಲಿ ಉಪ್ಪು ಮುಗಿದಿದೆ ಎಂದು ಹೇಳುವವರ ದನಿ. ಮಾತಿಗೆ ಕಾಯದೆ ತಿರುಗಿ ನಡೆದಳು. ಮೂಲೆ ತಿರುಗುವವರೆಗೂ ಯಾರಾದರೂ ಕರೆದಾರೆಂದು ಬೆನ್ನು ಬಿಗಿಹಿಡಿದಿದ್ದಳು. ಅಷ್ಟರಲ್ಲಿ ಮುಂದಿನ ಗುಂಪು ಕದಲಿತು, ಕೂಗು ಎದ್ದಿತು, ಅವಳ ಗುಂಪೂ ಹಾಡು ಎತ್ತಿಕೊಂಡಿತು.

ಊರಿಗೆ ಊರೇ ಮೆರವಣಿಗೆಯ ರಸ್ತೆಯಲ್ಲಿತ್ತು. ಹಳೇ ಪೇಟೆಯ ಓಣಿಗಳು ಗುಡಿಸಿಟ್ಟ ಹಾಗಿದ್ದವು. ತೊಗಲಿನ ತೆಳು ಮೆಟ್ಟಿನೊಳಗಿಂದ ಒಂದೊಂದು ಕಲ್ಲೂ ಅಂಗಾಲಿಗೆ ಗೊತ್ತಾಗುತ್ತಿತ್ತು. ಪಿನ್ನಿನ ಒತ್ತಡಕ್ಕೆ ಚಪ್ಪಟೆಯಾದ ನರೆಗೂದಲಿಗೆ ಗಾಳಿ ತಗುಲಿ ನೆತ್ತಿ ಜುಮ್ಮೆಂದಿತು. ಬೀದಿಯಲ್ಲಿ ಬರಿತಲೆಯಲ್ಲಿ, ಅದೂ ಈ ಉಡುಪಿನಲ್ಲಿ! ಎದುರಾದ ಮುದುಕನೊಬ್ಬ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗುಂಪು ತಪ್ಪಿಹೋಯ್ತೇನಮ್ಮಾ? ಮೆರವಣಿಗೆ ಆ ಕಡೆ," ಎಂದು ಕೈ ತೋರಿಸಿದ. "ಗೊತ್ತು," ಎಂದಳು ತೆಕ್ಲಾ, ಈ ಕಡೆಯೇ ನಡೆದಳು.

ಚೆಲುವಾದ ಮನೆಗಳಿದ್ದವು. ಅವಳ ಕಣ್ಣು ಮೊದಲು ಹೋದದ್ದು ಮೂರನೆಯ ಮಹಡಿಯ ಕಿಟಕಿ ಗಾಜುಗಳಿಗೆ. ಹೊರಗಿನಿಂದ ಅವನ್ನು ಒರೆಸುವುದು ಹೇಗೆ, ಒಳಗಿಂದ ಯಾವ ಹೆಂಗಸು ಅರ್ಧ ಮೈ ಆಚೆ ಹಾಕಿ ಬಗ್ಗಬೇಕು ಎಂದು ಯೋಚಿಸುತ್ತಾ ನಿಂತಿರುವುದು ಆಮೇಲೆ ಗೊತ್ತಾಗಿ ತನಗೆ ತಾನೇ ಛೀ ಎಂದುಕೊಂಡಳು.

ಪೇತ್ರನ ಚರ್ಚು ಒಳಗೆ ತಣ್ಣಗೆ, ಎತ್ತರವಾಗಿ, ಖಾಲಿಯಾಗಿತ್ತು. ಮೆಟ್ಟಿಲು ಹತ್ತುವ ಮುಂಚೆ ಮೊಣಕಾಲಿಗೆ ಸ್ವಲ್ಪ ವಿಶ್ರಾಂತಿ ಇರಲಿ ಎಂದು ಒಂದು ಬೆಂಚಿನಲ್ಲಿ ಕೂತಳು. ಉಣ್ಣೆ ಲಂಗದೊಳಗಿನ ಬೆವರು ಆರತೊಡಗಿತು. ಕಣ್ಣು ಎಳೆಯಿತು. ಗಾಳಿ ಹಾಸಿಗೆಯ ಮೇಲೆ ಐದು ರಾತ್ರಿ ಬಾರದ ನಿದ್ದೆ ಈ ಗಟ್ಟಿ ಮರದ ಮೇಲೆ ಬಂತು.

"ಸ್ವಲ್ಪ ಕಾಲು ಎತ್ಕೊಳ್ತೀರಾ?"

ಕಣ್ಣು ಬಿಟ್ಟರೆ ಎದುರಿಗೆ ಉದ್ದ ಹಿಡಿಯ ಪೊರಕೆ, ಪೊರಕೆಯ ಆಚೆ ನೀಲಿ ಕೋಟಿನ ಹೆಂಗಸು, ತನ್ನದೇ ವಯಸ್ಸಿನವಳು. ತೆಕ್ಲಾ ಧಡಕ್ಕನೆ ಎದ್ದು ಬೆಂಚಿನ ತುದಿ ಹಿಡಿದಳು. "ಇರಿ, ಆ ಕಡೆ ನೀವು ಹಿಡ್ಕೊಳ್ಳಿ, ಸರಿಸಿಬಿಡೋಣ. ಕೆಳಗೆ ಚೆನ್ನಾಗಿ..."

"ಅಯ್ಯೋ ಕೂತ್ಕೊಳ್ಳಿ ನೀವು," ಎಂದಳು ಆ ಹೆಂಗಸು. "ನೀವು ಬಂದು ನನ್ನ ಬೆಂಚು ಸರಿಸ್ತೀರಾ? ಕಾಲು ಎತ್ತಿ, ಸಾಕು."

ತೆಕ್ಲಾ ಕೂತು ಎರಡೂ ಕಾಲು ಎತ್ತಿದಳು. ಪೊರಕೆ ಅವಳ ಕಾಲಡಿಯಲ್ಲಿ ಬಂತು, ಹೋಯಿತು. ಮೈಗೆ ಏನೋ ಇರುಸುಮುರುಸು. ಬೇರೆಯವರು ಗುಡಿಸುವಾಗ ತಾನು ಕಾಲೆತ್ತಿ ಕೂತದ್ದು ಯಾವಾಗ? ನೆನಪು ಎಷ್ಟು ಕೆದಕಿದರೂ ಅಮ್ಮನ ಮನೆಯಾಚೆಗೆ ಸಿಗಲಿಲ್ಲ. ಅಲ್ಲಿಯೂ ಬೇಗನೆ ಪೊರಕೆ ಅವಳ ಕೈಗೇ ಬಂದಿತ್ತು.

"ಹಾಡೋರಲ್ವಾ? ಮೆರವಣಿಗೆ ಬಿಟ್ಟು ಇಲ್ಲೇನ್ ಮಾಡ್ತಿದೀರಿ?"

"ಗೋಪುರ ಹತ್ತೋಣಾಂತ. ಮೆಟ್ಟಿಲಿಗೆ ಮುಂಚೆ ಒಂಚೂರು ಕೂತೆ, ಹಂಗೇ ಜೊಂಪು ಹತ್ತಿಬಿಡ್ತು."

"ಯಾವ ಮೆಟ್ಟಿಲು?"

"ಸುತ್ತು ಮೆಟ್ಟಿಲು. ತುಂಬಾ ಇದಾವಂತಲ್ಲ."

ಆ ಹೆಂಗಸು ಪೊರಕೆಯ ಮೇಲೆ ಗಲ್ಲ ಊರಿ ಅವಳನ್ನು ನೋಡಿದಳು. "ಯಾರು ನಿಮಗೆ ಹೇಳಿದ್ದು? ನಾಲ್ಕು ಮೆಟ್ಲು ಹತ್ತಿದ್ರೆ ಲಿಫ್ಟು. ಎಲ್ರೂ ಲಿಫ್ಟಲ್ಲೇ ಹೋಗೋದು."

"ಹೊಸದಾಗಿ ಹಾಕಿದ್ದಾ?"

"ಹೊಸದಾ? ನಾನು ಹುಡುಗಿಯಾಗಿದ್ದಾಗ ಶಾಲೇಲಿ ಕರ್ಕೊಂಡು ಬಂದಿದ್ರು, ಅವಾಗ್ಲೂ ಲಿಫ್ಟಲ್ಲೇ ಹೋಗಿದ್ದೆ."

ನಡುಗುವ ತೊಡೆ, ಕಿಟಕಿಯಿಲ್ಲದ ಸುತ್ತು, ಇಳಿಯುವಾಗ ಬರುವ ತಲೆತಿರುಗು. ಎಲ್ಲವನ್ನೂ ದೊನಾತ್ಸ್ ಯಾವುದೋ ಬಿಯರ್ ಅಂಗಡಿಯ ಮೇಜಿಗೆ ಮೊಣಕೈಯೂರಿ ಕಟ್ಟಿರಬೇಕು. ಹೆಂಡತಿಗೆ ಹೇಳಲು ಒಂದು ರೀಗಾ ಬೇಕಲ್ಲ. ಮೊದಲ ಸಲ ಸುಮ್ಮನೆ ಜಂಭಕ್ಕೆ ಹೇಳಿರಬಹುದು. ಆಮೇಲೆ ಹಿಂದೆ ಸರಿಯಲಾಗದೆ ಪ್ರತಿ ಐದು ವರ್ಷಕ್ಕೂ ಮೆಟ್ಟಿಲು ಕಟ್ಟುತ್ತಲೇ ಹೋಗಿರಬಹುದು. ಅವಳೂ ಪ್ರತಿ ಐದು ವರ್ಷಕ್ಕೂ ಅದನ್ನು ಕೆಳಗಿನಿಂದ ನೋಡಿ ತನ್ನ ಮೊಣಕಾಲು ಮುಟ್ಟಿಕೊಳ್ಳುತ್ತಾ ಬಂದಿದ್ದಳು. ಸಿಟ್ಟು ಬರಬೇಕಿತ್ತು. ಆದರೆ ಸಿಟ್ಟೂ ಒಂದು ಕೆಲಸವೇ; ಒಲೆ ಹಚ್ಚಬೇಕು, ಕುದಿಸಬೇಕು, ಬಡಿಸಬೇಕು, ಆಮೇಲೆ ಪಾತ್ರೆ ತೊಳೆಯುವವಳೂ ತಾನೇ. ಇವತ್ತು ಅದು ಅವಳ ಕೈಲಾಗುತ್ತಿರಲಿಲ್ಲ.

"ಹೋಗಿ ಹೋಗಿ," ಎಂದಳು ಪೊರಕೆಯವಳು. "ಇವತ್ತು ಜನಾನೇ ಇಲ್ಲ. ಆರಾಮಾಗಿ ನೋಡಿ."

ಲಿಫ್ಟು ನಡೆಸುವವನು ದಪ್ಪ ಮೀಸೆಯವನು, ಕುರ್ಚಿಯಲ್ಲಿ ಕೂತು ಪದಬಂಧ ಬಿಡಿಸುತ್ತಿದ್ದ. ತಲೆಯೆತ್ತದೆಯೇ ಗುಂಡಿ ಒತ್ತಿದ. ಒಂದು ಸಣ್ಣ ಜೋಲಿ, ಕಿವಿಯಲ್ಲಿ ಒಂದು ಒತ್ತು, ಬಾಗಿಲು ತೆರೆದರೆ ಗಾಳಿ.

ಕೆಳಗೆ ರೀಗಾ ಇತ್ತು. ಕೆಂಪು ಹೆಂಚಿನ ಮಾಡುಗಳು ಒಂದರ ಮೇಲೊಂದು ಒರಗಿ, ಹಬ್ಬದ ಮರುದಿನ ಮಲಗಿದ ನೆಂಟರ ಹಾಗಿದ್ದವು. ಹೊಳೆಯ ಆಚೆ ದಡ ಇಷ್ಟು ದೂರವಿರುತ್ತದೆಂದು ಅವಳು ಎಣಿಸಿರಲಿಲ್ಲ. ಸಂತೆಯ ಐದು ದೊಡ್ಡ ಕಮಾನು ಮಾಡುಗಳು ಕವುಚಿ ಹಾಕಿದ ದೋಣಿಗಳಂತಿದ್ದವು. ಮತ್ತೊಂದು ಪಕ್ಕಕ್ಕೆ ಬಂದಾಗ ಮರಗಳ ಆಚೆ, ಬಹಳ ದೂರದಲ್ಲಿ, ಬಣ್ಣದ ದಾರದಂತೆ ಏನೋ ಹರಿಯುತ್ತಿತ್ತು: ಮೆರವಣಿಗೆ. ಗಾಳಿ ಈ ಕಡೆ ತಿರುಗಿದಾಗ ಒಂದು ಚೂರು ಹಾಡು ಬರುತ್ತಿತ್ತು, ಯಾರದು ಎಂದು ತಿಳಿಯದಷ್ಟು. ತನ್ನ ಶಾಲೆ ಎಲ್ಲಿ ಎಂದು ಹುಡುಕಿದಳು. ಇಷ್ಟು ದಿನ ಅವಳ ಪಾಲಿಗೆ ಊರೆಲ್ಲ ಅದೇ ಆಗಿತ್ತು. ಇಲ್ಲಿಂದ ಅದು ಯಾವ ಮಾಡೆಂದೂ ತಿಳಿಯಲಿಲ್ಲ.

ಸಂತೋಷವಾಯಿತೇ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಕಾಲು ನೋಯುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೇ ಕೂತಳು. ಕಂಬಿಗಳ ನಡುವಿನಿಂದ ಹೊಳೆಯ ಒಂದು ತುಂಡು ಕಾಣುತ್ತಿತ್ತು, ಅಷ್ಟು ಸಾಕಾಗಿತ್ತು. ಒಂದು ದೋಣಿ ಆ ತುಂಡಿನೊಳಕ್ಕೆ ಬಂದು ಆಚೆ ಹೋಯಿತು. ಇನ್ನೊಂದು ಬಂತು.

ಫೋನು ಕೂಗಿತು. ದೊನಾತ್ಸ್.

"ಎಲ್ಲಿದ್ದೀಯ? ಮೆರವಣಿಗೆ ಮುಗೀತು. ಶಾಲೆಗೆ ಬಂದ್ವಿ. ಊಟದ ಚೀಟಿ ಎಲ್ಲಿಟ್ಟಿದ್ದೀಯ? ಚೀಟಿ ಇಲ್ದೆ ಸೂಪು ಹಾಕಲ್ವಂತೆ. ಎಲ್ರೂ ತಟ್ಟೆ ಹಿಡ್ಕೊಂಡು ನಿಂತಿದಾರೆ."

ತೆಕ್ಲಾಗೆ ಗೊತ್ತಿತ್ತು. ಹಸಿರು ಚೀಲದ ಪಕ್ಕದ ಜಿಪ್ಪು, ಅದರೊಳಗೆ ತಲೆನೋವಿನ ಮಾತ್ರೆಯ ಡಬ್ಬಿ, ಡಬ್ಬಿಯ ಕೆಳಗೆ ರಬ್ಬರು ಹಾಕಿದ ಕಟ್ಟು. ಆ ಜಿಪ್ಪು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಹಿಂದಕ್ಕೆ ಎಳೆದು ಮುಂದಕ್ಕೆ ಬಿಡಬೇಕೆಂಬುದೂ ಗೊತ್ತಿತ್ತು.

"ಗೊತ್ತಿಲ್ಲ," ಎಂದಳು.

"ಏನು? ನಿಂಗೆ ಗೊತ್ತಿಲ್ವಾ?"

"ಹುಡುಕಿ. ಅಷ್ಟು ಜನ ಇದೀರಲ್ಲ."

"ತಮಾಷೆ ಮಾಡ್ಬೇಡ್ವೇ, ಹೊಟ್ಟೆ ಹಸೀತಿದೆ. ಮೊದ್ಲು ಎಲ್ಲಿದ್ದೀಯ ಹೇಳು."

"ಪೇತ್ರನ ಗೋಪುರದ ಮೇಲೆ," ಎಂದಳು ತೆಕ್ಲಾ. "ಲಿಫ್ಟಲ್ಲಿ ಬಂದೆ."

ಆ ಕಡೆಯಿಂದ ಚಮಚ ತಟ್ಟೆಗಳ ಸದ್ದು, ಬ್ರೊನ್ಯಾಳ ನಗು, ಯಾರೋ ಚೀಲ ನೆಲಕ್ಕೆ ಸುರಿದ ಸದ್ದು.

"ಮೇಲೆ ಹೆಂಗಿದೆ?" ಎಂದ ಕೊನೆಗೆ. ಬಹಳ ಸಣ್ಣ ದನಿ. ಅದರಲ್ಲಿ ನಾಚಿಕೆಯಿತ್ತು, ನಾಚಿಕೆಯ ಅಡಿಯಲ್ಲಿ, ಅದಕ್ಕಿಂತ ಹೆಚ್ಚಾಗಿ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿತ್ತು.

ಹೇಳಬಹುದಿತ್ತು. ಮಾಡುಗಳು, ಹೊಳೆ, ಕವುಚಿದ ದೋಣಿಗಳಂಥ ಸಂತೆ. ಅವನಿಗೆ ಕಣ್ಣಿಗೆ ಕಟ್ಟುವ ಹಾಗೆ ಹೇಳಿ, ಅವನು ಊರಿಗೆ ಹೋಗಿ ಸಾಮಿಲ್ಲಿನಲ್ಲಿ ಅದನ್ನೇ ಮತ್ತೊಬ್ಬರಿಗೆ ಹೇಳುವ ಹಾಗೆ ಕಟ್ಟಿಕೊಡಬಹುದಿತ್ತು. ಅದಕ್ಕೆ ಬೇಕಾದ ಮಾತುಗಳನ್ನು ಒಂದೊಂದಾಗಿ ಎತ್ತಿ ಜೋಡಿಸುವುದನ್ನು ನೆನೆದೇ ಅವಳಿಗೆ ಸುಸ್ತಾಯಿತು.

"ನಾಳೆ ಬೆಳಿಗ್ಗೆ ನೀನೇ ಬಂದು ನೋಡು ಮಾರಾಯ," ಎಂದಳು. "ನಂಗೆ ಸಾಕಾಗಿದೆ. ಒಂದು ಸ್ವಲ್ಪ ಹೊತ್ತು ಕೂತಿರ್ತೀನಿ."

ಫೋನನ್ನು ಲಂಗದ ಜೇಬಿಗೆ ಹಾಕಿ, ಮೆಟ್ಟು ಕಳಚಿ, ಅಂಗಾಲುಗಳನ್ನು ತಣ್ಣನೆಯ ನೆಲಕ್ಕೆ ಊರಿದಳು. ಲಿಫ್ಟಿನ ಬಾಗಿಲು ತೆರೆಯಿತು. ಒಬ್ಬ ತಾಯಿ, ಮಗು ಇಳಿದರು. ಮೀಸೆಯವನು ಪದಬಂಧದಿಂದ ಕಣ್ಣೆತ್ತಿ ನೆಲದ ಮೇಲೆ ಕೂತ ಹೆಂಗಸನ್ನು ನೋಡಿದ.

"ಇಳೀತೀರೇನಮ್ಮಾ?"

"ಇಲ್ಲ," ಎಂದಳು ತೆಕ್ಲಾ. "ನೀವು ಹೋಗಿ."